ಮೂರನೇ ಪಾಳಿಯ ಕೊನೆಯ ಹಾಡು

ಮುಗಿಯಲಿಲ್ಲ, ಸ್ವರ ಮುಗಿಯಲೇ ಇಲ್ಲ, ಗಿಟಾರು ನಿಂತಿತು, ಡ್ರಮ್ಸ್ ನಿಂತಿತು, ಆದರೆ ಅಡಿಯಲ್ಲೊಂದು ಸಣ್ಣ ಗುಂಯ್ ಎಳೆಯುತ್ತಲೇ ಇದೆ, ಯಾರೋ ತಂಬೂರಿ ಮೀಟಿ ಹಾಗೇ ಮರೆತು ಎದ್ದುಹೋದಂತೆ, ತಲೆಯ ಮೇಲೆ ಕಾಗದದ ರೀಮು ಹೊತ್ತವನೊಬ್ಬ ಸೈಡು ಸೈಡು ಅನ್ನುತ್ತ ಮೊಣಕೈಯಲ್ಲಿ ತಿವಿದುಕೊಂಡು ಹೋದ, ವಸಿಷ್ಠನಿಗೆ ತಿವಿತವೂ ಗೊತ್ತಾಗಲಿಲ್ಲ, ಅವೆನ್ಯೂ ರಸ್ತೆಯ ತನ್ನ ಲಗ್ನಪತ್ರಿಕೆ ಅಂಗಡಿಯ ಮೆಟ್ಟಿಲ ಮೇಲೆ ಕಿವಿಗೆ ವೈರು ಸಿಕ್ಕಿಸಿಕೊಂಡು ಕಂಬದ ಹಾಗೆ ನಿಂತುಬಿಟ್ಟ — ಈ ಗುಂಯ್ ಅವನಿಗೆ ಗೊತ್ತು, ಸಾವಿರ ಸಲ ಕೇಳಿದ್ದಾನೆ, ಸಾವಿರ ಯಾಕೆ ಲಕ್ಷ, ಆದರೆ ಇಲ್ಲಲ್ಲ, ಈ ಹಾಡಿನ ಕೊನೆಯಲ್ಲಲ್ಲ, ಇದು ‘ಹೊಸ್ತಿಲು’, ಆ ಗುಂಯ್ ಇರುವುದು ‘ಅಪ್ಪನ ಬುತ್ತಿ’ ಹಾಡಿನ ಶುರುವಿನಲ್ಲಿ. ಎರಡನ್ನೂ ಒಂದರ ಹಿಂದೊಂದು ಹಾಕಿದ. ಬಾಲ ತಲೆಗೆ ಕೂತಿತು, ಹೊಲಿಗೆ ಕಾಣದ ಹಾಗೆ. ‘ಹೊಸ್ತಿಲು’ ಅವರ ತಂಡದ ‘ಮೂರನೇ ಪಾಳಿ’ ಆಲ್ಬಮ್ಮಿನ ಕೊನೆಯ ಹಾಡು, ‘ಅಪ್ಪನ ಬುತ್ತಿ’ ಮೊದಲನೆಯದು, ಕೊನೆಯದರ ಬಾಲ ಮೊದಲಿನದರ ತಲೆಗೆ ಕೂತರೆ ಅದು ಚಕ್ರ, ಕಾಲಚಕ್ರ, ಆಹಾ ಅಮರಾ ಸತ್ತ ಮೇಲೂ ಹೊಡೆದೆಯಲ್ಲೋ ಅಂತ ಅವನ ಎದೆ ಒಂದು ಕ್ಷಣ ಲಾಲ್‌ಬಾಗಿನ ಬಂಡೆಯಷ್ಟು ಅಗಲವಾಯಿತು, ಇದರ ಮೇಲೊಂದು ವಿಡಿಯೋ ಮಾಡಿದರೆ ಪ್ರಪಂಚವೇ ಎದ್ದು ಕೂರುತ್ತದೆ, ಮೊದಲಿನ ವಿಡಿಯೋವನ್ನೇ ಅರ್ಧ ಫಿನ್‌ಲ್ಯಾಂಡು ನೋಡಿದೆ — ಒಬ್ಬ ಫಿನ್‌ಲ್ಯಾಂಡಿನವನು ಕೆಳಗೆ ಎರಡು ಸಾಲು ಬರೆದಿದ್ದ, ಅವನ ಹಿಂದೆ ಅರ್ಧ ದೇಶ ಇಲ್ಲದೆ ಇರುತ್ತದೆಯೇ — ಹಾಗಾದರೆ ‘ಅಪ್ಪನ ಬುತ್ತಿ’ಯ ಬಾಲ ಎರಡನೆಯ ಹಾಡಾದ ‘ಕಂಬಿ’ಗೆ ಕೂರಬೇಕು, ಕೂರಿಸಿದ, ಕೂರಲಿಲ್ಲ, ‘ಗೇಟು’ಗೆ ಕೂತಿತು. ಗೇಟಿನದು ‘ಸೈರನ್’ಗೆ, ಸೈರನ್ನಿನದು ‘ಪಾಳಿ’ಗೆ, ಪಾಳಿಯದು ‘ಮಗ್ಗ’ಕ್ಕೆ, ಮಗ್ಗದ್ದು ‘ದಾರ’ಕ್ಕೆ, ದಾರದ್ದು ‘ಕಂಬಿ’ಗೆ. ಕಂಬಿಯ ಬಾಲ ಯಾವುದಕ್ಕೂ ಕೂರಲಿಲ್ಲ. ಕಂಬಿಯ ಆಚೆ ಏನೂ ಇಲ್ಲ. ಅಂಗಡಿಯೊಳಗಿಂದ ಯಾರೋ ಹೆಣ್ಣಿನ ಕಡೆಯವರು, ಸ್ವಾಮಿ ಈ ಪತ್ರಿಕೆಯಲ್ಲಿ ಗಣಪತಿ ಸ್ವಲ್ಪ ದಪ್ಪ ಆಯ್ತಲ್ವಾ ಅನ್ನುತ್ತಿದ್ದಾರೆ, ಆಯ್ತು ತೆಳ್ಳಗೆ ಮಾಡಿಸೋಣ ಅನ್ನುತ್ತ ವಸಿಷ್ಠ ಮೆಟ್ಟಿಲಿಳಿದು, ಬಗಲಿಗೆ ಚೀಲ ಹಾಕಿಕೊಂಡು, ಸಿಕ್ಕಿದ ಆಟೋ ಹತ್ತಿ, ಬಿನ್ನಿಪೇಟೆ ಅಂದ, ಹೋಗಲೇಬೇಕು, ಇವತ್ತು ಅಮರನ ದಿನ.

ಬಾಲ ಹಿಡ್ಕೊಂಡು ತಾನೇ ಬರುತ್ತೆ ಮಚ್ಚಾ, ನಂಬರ್ ಯಾಕೆ, ಅನ್ನುತ್ತಿದ್ದ ಅಮರ್, ಎಲ್ಲ ಹಾಡೂ ಕಟ್ಟಿದವನು ಅವನೇ, ಒಂದಕ್ಕೂ ನಂಬರು ಹಾಕಿದವನಲ್ಲ, ಒಂದೊಂದರ ಕೊನೆಯ ಸ್ವರವನ್ನು ಮುಂದಿನದರ ಕೈಗೆ ಕೊಟ್ಟು ಕಳಿಸುತ್ತಿದ್ದ, ಮಕ್ಕಳನ್ನು ರಸ್ತೆ ದಾಟಿಸುವ ಹಾಗೆ. ಅವನು ಹೋದಮೇಲೆ ಅವನ ಕಂಪ್ಯೂಟರಿನಲ್ಲಿ ಎಂಟು ಹಾಡು ಸಿಕ್ಕವು, ಎಂಟು ಹೆಸರು, ನಂಬರಿಲ್ಲ, ಡ್ರಮ್ಸಿನ ವೇಣುಗೋಪಾಲ್ ಅಳುತ್ತ ಅಳುತ್ತಲೇ ಹಾಡುಗಳನ್ನು ಜನ ಕೇಳುವ ಜಾಗಕ್ಕೆ ಏರಿಸಿದ, ಕಂಪ್ಯೂಟರು ತನಗೆ ತಿಳಿದ ಹಾಗೆ ಸಾಲಾಗಿ ನಿಲ್ಲಿಸಿತ್ತು, ಆ ಸಾಲೇ ಅಮರನ ಸಾಲು ಅಂತ ಇವರು ನಂಬಿದರು — ಅಪ್ಪನ ಬುತ್ತಿ, ಕಂಬಿ, ಗೇಟು, ದಾರ, ಪಾಳಿ, ಮಗ್ಗ, ಸೈರನ್, ಹೊಸ್ತಿಲು. ಅ, ಕ, ಗ, ದ, ಪ, ಮ, ಸ, ಹ. ಒಂದನೇ ಕ್ಲಾಸಿನ ಮಗುವಿಗೂ ಕಾಣುವಂಥದ್ದು ಐದು ವರ್ಷ ಯಾರಿಗೂ ಕಾಣಲಿಲ್ಲ, ಅರ್ಧ ಫಿನ್‌ಲ್ಯಾಂಡಿಗೆ ಕಾಣದ್ದು ಸಹಜ, ಕನ್ನಡದ ಒಂದು ಪದಕ್ಕೆ ಹತ್ತು ಅರ್ಥ ಹೇಳುವ ವಸಿಷ್ಠನಿಗೂ ಕಾಣಲಿಲ್ಲ. ಕಾಟನ್‌ಪೇಟೆಯ ಹತ್ತಿರ ಆಟೋ ಸಿಕ್ಕಿಹಾಕಿಕೊಂಡಿತು, ವೇಣುವಿಗೆ ಫೋನು ಮಾಡಿದ, ಲೋ ವೇಣು ನೀನು ಬೆಳಿಗ್ಗೆ ಕಳಿಸಿದೆಯಲ್ಲ ಹಾಡುಗಳು, ಅದರಲ್ಲಿ ಬಾಲ ಇದೆ ಕಣೋ. ಇರುತ್ತೆ ಗುರು, ಅದು ಅಮರನ ಡಿಸ್ಕಿನಿಂದ ತೆಗೆದ ಒರಿಜಿನಲ್ಲು, ಗ್ರಾಮಫೋನ್ ತಟ್ಟೆ ಹಾಕಿಸ್ತೀವಿ ಅಂದ್ರಲ್ಲ ಜರ್ಮನಿಯವರು, ಅವರಿಗೆ ಕಳಿಸೋಕೆ ಹುಡುಕಿ ತೆಗೆದೆ. ಮೊದಲು ಯಾಕೋ ಇರಲಿಲ್ಲ ಬಾಲ. ನಾನೇ ಕತ್ತರಿಸಿದ್ದೆ ಕಣೋ, ಹಾಡು ಮುಗಿದ್ಮೇಲೆ ಗುಂಯ್ ಗುಂಯ್ ಅಂತಿತ್ತು, ವೈರಿಂಗ್ ಕಂಪ್ಲೇಂಟು ಅಂದ್ಕೊಂಡೆ. ಮತ್ತೆ ಕಂಬಿ, ಕಂಬಿ ಇಷ್ಟು ಉದ್ದ ಇದೆಯಲ್ಲೋ. ಕಂಬೀಲಿ ಕೊನೆಗೆ ಏನೂ ಇಲ್ಲ ಮಗಾ, ಸುಮ್ನೆ ಖಾಲಿ, ಎರಡನೇ ಹಾಡಿಗೇ ಅಷ್ಟುದ್ದ ಖಾಲಿ ಬಿಟ್ರೆ ಯಾರು ಕೇಳ್ತಾರೆ, ಅದಕ್ಕೆ ಕಟ್ ಮಾಡಿದೆ. ಎರಡನೇ ಹಾಡಲ್ಲ ವೇಣು, ಕೊನೇದು. ಆ ಕಡೆ ಮಲ್ಲೇಶ್ವರದ ಅವನ ಜಿಮ್ಮಿನಲ್ಲಿ ಯಾವನೋ ಕಬ್ಬಿಣ ಕೆಳಗೆ ಹಾಕಿದ ಸದ್ದು, ಆಮೇಲೆ ವೇಣು ಅಂದ, ಅಮ್ಮನಿಗೆ ಹೇಳ್ಬೇಡ.

ಅಮ್ಮನಿಗೆ ಹೇಳದೆ, ಹೇಳುವುದಕ್ಕೇ ಅಲ್ಲವೆ ಪ್ರತಿ ವರ್ಷ ಹೋಗುವುದು — ಅಮರನ ದಿನ ಬಂತೆಂದರೆ ಬಿನ್ನಿಪೇಟೆಯ ಆ ಒಂದೂವರೆ ರೂಮಿನ ಮನೆಯಲ್ಲಿ ಬುದ್ಧನ ಪಟದ ಪಕ್ಕ ಬಾಬಾಸಾಹೇಬರ ಪಟ, ಅದರ ಪಕ್ಕ ಅಮರನ ತಂದೆ ಅಪ್ಪಯ್ಯನವರ ಪಟ, ಅದರ ಕೆಳಗೆ ಗಿಟಾರು ಹಿಡಿದ ಅಮರ್, ಮುಂದೆ ಒಂದು ಮೇಣದ ಬತ್ತಿ, ಮತ್ತು ಅಮರನ ತಾಯಿ ಶಕುಂತಲಮ್ಮ ಮೊದಲ ವರ್ಷವೇ ಕೇಳಿದ್ದರು, ವಸಿಷ್ಠಪ್ಪ, ಆ ಅರಚಾಟದಲ್ಲಿ ನನ್ನ ಮಗ ಏನು ಯೋಳವ್ನೆ, ನಂಗೊಂದಕ್ಷರ ತಿಳಿಯಾಕಿಲ್ಲ, ನೀನಾದ್ರೂ ಯೋಳು. ಹೇಳಿದ. ನಿಂತು ಹೇಳಿದ, ಹರಿಕಥೆಯವರ ಹಾಗೆ ಒಂದು ಕಾಲು ಮುಂದಿಟ್ಟು, ನೆರೆಯವರೆಲ್ಲ ಬಾಗಿಲಲ್ಲಿ ತುಂಬಿಕೊಂಡರು, ಪಕ್ಕದ ಅಂಜಮ್ಮ ಸೆರಗು ಬಾಯಿಗೆ ಹಿಡಿದು ಕೇಳಿದಳು, ಒಂದು ಗಿರಣಿ ಇತ್ತು ಅಮ್ಮ, ಬೆಂಗಳೂರಷ್ಟು ದೊಡ್ಡ ಗಿರಣಿ, ಅಲ್ಲಿ ಮೂರನೇ ಪಾಳಿಗೆ ಹೋದ ಹುಡುಗ ಹೊರಗೆ ಬರುವಷ್ಟರಲ್ಲಿ ನೂರು ವರ್ಷ ಕಳೆದುಹೋಗಿತ್ತು, ಅವನು ಕತ್ತಲಲ್ಲಿ ಕಂಬಿ ದಾಟಿ, ಗೇಟು ದಾಟಿ, ಮಗ್ಗಗಳ ಜೊತೆ ಯುದ್ಧ ಮಾಡಿ, ಕೊನೆಗೆ ಮನೆಗೆ ಬರುತ್ತಾನೆ, ಹೊಸ್ತಿಲಲ್ಲಿ ನಿಲ್ಲುತ್ತಾನೆ, ಒಳಗೆ ದೀಪ ಇದೆ, ಹಾಡು ಮುಗಿಯುತ್ತದೆ. ಎರಡನೇ ವರ್ಷ ಗಿರಣಿ ಕರ್ನಾಟಕದಷ್ಟಾಯಿತು, ಮೂರನೇ ವರ್ಷ ಮಗ್ಗಗಳಿಗೆ ಹಲ್ಲು ಬಂದವು, ಹೋದ ವರ್ಷ ಹುಡುಗ ಒಂದು ಸಿಂಹವನ್ನೂ ಕೊಂದ, ಎಲ್ಲಿಂದ ಬಂತೋ ಸಿಂಹ ವಸಿಷ್ಠನಿಗೇ ತಿಳಿಯದು, ಶಕುಂತಲಮ್ಮ ಮಾತ್ರ ಯಾವುದಕ್ಕೂ ಕಣ್ಣು ಮಿಟುಕಿಸದೆ ಕೊನೆಗೆ ಕಾಯುತ್ತಿದ್ದರು, ಮನೆಗ್ ಬತ್ತಾನೆ ಅಲ್ವಾ, ಬತ್ತಾನಮ್ಮ, ಕೊನೇ ಹಾಡು ಅದೇ ಅಲ್ವಾ, ಅದೇ ಅಮ್ಮ. ಅಷ್ಟು ಸಾಕಿತ್ತು ಅವರಿಗೆ. ಯಾಕೆ ಅಷ್ಟು ಸಾಕಿತ್ತು ಅನ್ನುವುದು ಬಾಗಿಲಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಅಮರ್ ಸಂಜೆ ರೈಲುಕಂಬಿ ದಾಟುತ್ತಿದ್ದ, ಗಿರಣಿಯಿಂದ ಮನೆಗೆ ಅಪ್ಪಯ್ಯನವರು ಬರುತ್ತಿದ್ದ ಅದೇ ಅಡ್ಡದಾರಿ, ಕಿವಿಯ ಮೇಲೆ ದೊಡ್ಡ ಹೆಡ್‌ಫೋನ್ ಇತ್ತು, ರೈಲು ಬಂತು. ಕೇಳಿಸಲಿಲ್ಲವೆ, ಅಂದರು ಕೆಲವರು. ಹುಟ್ಟಿದಾಗಿನಿಂದ ಆ ಕಂಬಿಯ ಪಕ್ಕದಲ್ಲೇ ಬೆಳೆದವನಿಗೆ ಕೇಳಿಸಲಿಲ್ಲವೆ, ಅಂದರು ಇನ್ನು ಕೆಲವರು, ಕೆಲಸ ಬೇರೆ ಹೋಗಿತ್ತಂತೆ, ಅಂದರು ಮತ್ತೆ ಕೆಲವರು, ಅಷ್ಟು ಹೇಳಿ ದನಿ ತಗ್ಗಿಸಿದರು. ಸಾಯುವ ಸ್ವಲ್ಪ ಮೊದಲು ಅಮರ್ ವಸಿಷ್ಠನಿಗೂ ವೇಣುವಿಗೂ ಒಂದೇ ಸಂದೇಶ ಕಳಿಸಿದ್ದ, ಕೊನೇ ಹಾಡು ಕೇಳ್ತಾ ಮನೆಗೆ ನಡ್ಕೊಂಡು ಹೋಗ್ತಿದೀನಿ. ಕೊನೇ ಹಾಡು ‘ಹೊಸ್ತಿಲು’, ಅದು ಶುರುವಿನಿಂದ ಕೊನೆಯವರೆಗೂ ಬಂಡೆ ಒಡೆಯುವ ಹಾಡು, ಅದರಲ್ಲಿ ವಸಿಷ್ಠನ ಕಂಠ ಎಂಥದೆಂದರೆ ರೆಕಾರ್ಡಿಂಗ್ ದಿನ ಗಾಂಧಿ ಬಜಾರಿನ ನಾಯಿಗಳೆಲ್ಲ ಊರು ಬಿಟ್ಟಿದ್ದವು, ಅಂಥ ಹಾಡು ಕಿವಿಯಲ್ಲಿದ್ದರೆ ರೈಲಲ್ಲ, ಆಕಾಶ ಬಿದ್ದರೂ ಕೇಳಿಸುವುದಿಲ್ಲ ಅಮ್ಮ, ಅವನಿಗೆ ಕೇಳಿಸಲಿಲ್ಲ, ಅವನು ಮನೆಗೇ ಬರ್ತಾ ಇದ್ದ. ಹಾಗಂತ ಆಣೆ ಮಾಡಿದ್ದ ವಸಿಷ್ಠ, ಅಮರನ ಪಟದ ಮುಂದೆ ಮೇಣದ ಬತ್ತಿ ಮುಟ್ಟಿ, ಬೆರಳು ಸುಟ್ಟುಕೊಂಡು.

ಆಟೋ ಹೊರಟಿತು, ನಿಂತಿತು, ಹೊರಟಿತು, ‘ಹೊಸ್ತಿಲು’ ಮೊದಲನೆಯದಂತೆ, ಹಾಗಾದರೆ ಹುಡುಗ ಎಲ್ಲಿಂದಲೋ ಬಂದು ಹೊಸ್ತಿಲಲ್ಲಿ ನಿಂತದ್ದಲ್ಲ, ಅಲ್ಲಿಂದ ಹೊರಟದ್ದು, ಯಾರ ಮನೆಯ ಹೊಸ್ತಿಲು ಅದು — ಅರಿಶಿನ ಹಚ್ಚಿದ ಹೊಸ್ತಿಲು, ಒಳಗೆ ದೀಪ, ಹೊರಗೆ ನನ್ನ ಚಪ್ಪಲಿ, ಅಂತ ತಾನೇ ಹಾಡು, ಆ ಸಾಲನ್ನು ಗಂಟಲು ಹರಿದುಕೊಂಡು ಹಾಡಿದವನು ತಾನೇ, ಅಮರನ ಮನೆಗೆ ಎಲ್ಲಿದೆ ಹೊಸ್ತಿಲು, ಬಾಗಿಲ ಕೆಳಗೆ ಒಂದು ಸಿಮೆಂಟಿನ ಪಟ್ಟಿ, ಅದಕ್ಕೆ ಯಾರೂ ಅರಿಶಿನ ಹಚ್ಚಿದ್ದಿಲ್ಲ. ಬಸವನಗುಡಿಯಲ್ಲಿದೆ ಅಂಥ ಹೊಸ್ತಿಲು. ವಸಿಷ್ಠನ ಮನೆಯ ತೇಗದ ಹೊಸ್ತಿಲು, ಅಜ್ಜನ ಕಾಲದ್ದು, ಮೂರು ಆನೆ ನಿಂತರೂ ಅಲುಗದ್ದು ಅಂತ ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದದ್ದು, ತಾರಸಿಯ ತಗಡಿನ ಶೆಡ್ಡಿನಲ್ಲಿ ತಾಲೀಮು, ತಂಡದ ಹೆಸರು ತಾಳಗೇಡಿಗಳು, ಏಳರ ಎಣಿಕೆಯಲ್ಲಿ ಶುರುಮಾಡಿ ಹನ್ನೊಂದಕ್ಕೆ ಜಿಗಿದು ಐದಕ್ಕೆ ಇಳಿಯುತ್ತಿದ್ದರು, ಕೆಳಗಿನಿಂದ ಅವನ ತಂದೆ ಬದರೀನಾರಾಯಣರು ಕೂಗುತ್ತಿದ್ದರು, ಏನಯ್ಯ ಅದು, ಮಿಶ್ರಛಾಪು ಅನ್ನು ಒಪ್ತೀನಿ, ಮಧ್ಯದಲ್ಲಿ ಗ್ರೈಂಡರಿಗೆ ಕಲ್ಲು ಯಾಕೆ ಹಾಕ್ತೀರಿ, ಅಮರ್ ನಗುತ್ತಿದ್ದ, ಅಂಕಲ್ ಅದೇ ಹಾಡು, ಕಲ್ಲೇ ಹಾಡು. ವೇಣು ನಡುಮನೆಯಿಂದ ದಾಟಿ ಅಡುಗೆಮನೆಗೆ ನುಗ್ಗಿ ಉಪ್ಪಿಟ್ಟಿನ ಬಾಣಲೆಗೇ ಕೈ ಹಾಕುತ್ತಿದ್ದ. ಅಮರ್ ಹೊರಗಿನ ಕಬ್ಬಿಣದ ಮೆಟ್ಟಿಲಿನಿಂದ ತಾರಸಿಗೆ ಹೋಗುತ್ತಿದ್ದ. ಅಷ್ಟು ವರ್ಷವೂ. ಹೊರಗಿನಿಂದ ಹೋಗು ಅಂತ ಯಾರೂ ಹೇಳಲಿಲ್ಲ, ಒಳಗಿನಿಂದ ಬಾ ಅಂತಲೂ ಯಾರೂ ಹೇಳಲಿಲ್ಲ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಂದು ಕ್ಷಣ ನಿಂತು ಆಂಟಿ ಚೆನ್ನಾಗಿದೀರಾ ಅಂತ ಕೇಳಿ ಮತ್ತೆ ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಕಡೆ ತಿರುಗುತ್ತಿದ್ದ, ಆ ಒಂದು ಕ್ಷಣವೇ ಎಂಟು ನಿಮಿಷದ ಹಾಡು, ಆ ಹಾಡನ್ನು ಆ ಮನೆಯದೇ ತಾರಸಿಯ ಮೇಲೆ ಆ ಮನೆಯ ಮಗನ ಕೈಯಲ್ಲೇ ಹಾಡಿಸಿದನಲ್ಲ, ಮತ್ತೆ ಈ ಮಹಾಪಂಡಿತ ಕ್ಯಾಮೆರಾ ಮುಂದೆ ಕೂತು ಮೂರು ತಾಸು ಹೇಳಿದ್ದೇನು, ಗಿರಣಿ ಎಂದರೆ ವಿಶ್ವ, ಮೂರನೇ ಪಾಳಿ ಎಂದರೆ ಮನುಕುಲದ ಮೂರನೇ ಯುಗ, ಹೊಸ್ತಿಲು ಎಂದರೆ ಬೇರೊಂದು ಆಯಾಮದ ಬಾಗಿಲು. ಅಮರ್ ಬದುಕಿದ್ದಿದ್ದರೆ ನಕ್ಕು ಸಾಯುತ್ತಿದ್ದ, ಅನ್ನಬಾರದು ಹಾಗೆ, ನಗುತ್ತಿದ್ದ ಅಷ್ಟೆ. ಹುಡುಗ ಹೊಸ್ತಿಲಿಂದ ತಿರುಗಿ ಹೊರಡುತ್ತಾನೆ, ಅಪ್ಪನ ಬುತ್ತಿ ಹಿಡಿದು ಗಿರಣಿಯ ಗೇಟಿಗೆ ಹೋಗುತ್ತಾನೆ, ಸೈರನ್ ಆಗುತ್ತದೆ, ಪಾಳಿ ಬದಲಾಗುತ್ತದೆ, ಮಗ್ಗ, ದಾರ, ಆಮೇಲೆ ಕಂಬಿ, ಕಂಬಿ ದಾಟಿದರೆ ಮನೆ. ಯುಗವೂ ಇಲ್ಲ ಸಿಂಹವೂ ಇಲ್ಲ. ಒಬ್ಬ ಹುಡುಗನ ಒಂದು ದಿನ.

ಕಂಬಿಯನ್ನು ಪೂರ್ತಿ ಕೇಳಿರಲಿಲ್ಲ, ಈಗ ಕೇಳಬೇಕು, ಆಟೋದ ಕಂಬಿಗೆ ಒರಗಿ ಕಣ್ಣು ಮುಚ್ಚಿದ, ಗಿಟಾರು ಹಳಿಯ ಮೇಲೆ ನಡೆಯುವ ಹಾಗೆ, ಒಂದು ಮರದ ಹಲಗೆ ಬಿಟ್ಟು ಒಂದು ಹಲಗೆ, ಹೆಜ್ಜೆ ಉದ್ದವಾಗುತ್ತದೆ, ಡ್ರಮ್ಸು ಓಡುತ್ತದೆ, ತನ್ನದೇ ಕಂಠ ಸಿಡಿಯುತ್ತದೆ, ಒಮ್ಮೆಲೇ ನಿಲ್ಲುತ್ತದೆ. ಖಾಲಿ. ವೇಣು ಹೇಳಿದಂತೆ ಏನೂ ಇಲ್ಲ. ಆಟೋದ ಎಂಜಿನ್ನು ಕೇಳಿಸುತ್ತಿದೆ, ಹಿಂದಿನ ಬೈಕಿನವನ ಹಾರನ್ನು, ಯಾರೋ ಸೊಪ್ಪಿನವಳು ದಂಟು ದಂಟು ಅನ್ನುವುದು, ಡ್ರೈವರಣ್ಣ ಮುಂದಿನವನಿಗೆ ಏನಪ್ಪಾ ಮನೆ ಕಟ್ಕೊಂಡ್ಯಾ ರೋಡಲ್ಲಿ ಅನ್ನುವುದು, ಎಲ್ಲ ಕೇಳಿಸುತ್ತಿದೆ, ಈ ಖಾಲಿಯಲ್ಲಿ ಪ್ರಪಂಚವೇ ಕೇಳಿಸುತ್ತಿದೆ, ಇಡೀ ಬೆಂಗಳೂರು ಕಿವಿಯೊಳಗೆ ಬಂದು ಕೂತಿದೆ — ಕೊನೇ ಹಾಡು ಕೇಳ್ತಾ ಮನೆಗೆ ನಡ್ಕೊಂಡು ಹೋಗ್ತಿದೀನಿ — ಹಾಗಾದರೆ ಕೇಳಿಸಿರಬೇಕು, ಅಮರನಿಗೂ ಕೇಳಿಸಿರಬೇಕು, ಬಂಡೆ ಒಡೆಯುವ ಹಾಡಲ್ಲ ಅವನ ಕಿವಿಯಲ್ಲಿದ್ದದ್ದು, ಇಷ್ಟುದ್ದದ ಖಾಲಿ, ಅದರಲ್ಲಿ ಒಂದು ರೈಲು ಬಂದರೆ ಕೇಳಿಸದೆ ಇರುತ್ತದೆಯೇ, ಕೇಳಿಸಿಯೂ ನಿಂತನೆ, ವಸಿಷ್ಠ ವೈರು ಕಿತ್ತುಹಾಕಬೇಕೆಂದು ಕೈ ಎತ್ತಿದ, ಅಷ್ಟರಲ್ಲಿ, ಖಾಲಿಯ ತುದಿಯಲ್ಲಿ, ದೂರದಿಂದ, ಫೋನಿನಲ್ಲಿ ಹಿಡಿದ ಸದ್ದಿನ ಹಾಗೆ, ಒಂದು ಹೆಂಗಸಿನ ದನಿ, ಅಮರಾ, ಅನ್ನ ಆರೋಯ್ತದೆ ಬಾರಪ್ಪ. ಚಾಪೆ ಸರಿದ ಸದ್ದು. ಬಂದೆ ಕಣಮ್ಮ. ಅಷ್ಟೆ, ಆಲ್ಬಮ್ಮು ಮುಗಿಯಿತು. ಬಂದೆ ಕಣಮ್ಮ. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ, ಯಾಕ್ ಸಾರ್ ಧೂಳು ಬಿತ್ತಾ ಅಂದ, ಹೂಂ ಅಂದ ವಸಿಷ್ಠ, ಪೂರ್ತಿ ಕಾಟನ್‌ಪೇಟೆಯ ಧೂಳು ಬಿದ್ದಿದೆ ಅಣ್ಣ.

ಬಾರಪ್ಪ, ಬಂದ್ಯಾ, ವೇಣು ಬರ್ಲಿಲ್ವಾ, ಸಂಜೆಗೆ ಬರ್ತಾನಂತೆ ಅಮ್ಮ, ಕುತ್ಕೊ, ಶಕುಂತಲಮ್ಮ ಬಿಳಿ ಸೀರೆ ಉಟ್ಟಿದ್ದಾರೆ, ಪಟದ ಮುಂದೆ ಬತ್ತಿ ಉರಿಯುತ್ತಿದೆ, ಒಲೆಯ ಮೇಲೆ ಹುರುಳಿಕಾಳಿನ ಸಾರು, ಅಂಜಮ್ಮ ಬಾಗಿಲಲ್ಲಿ ಇಣುಕಿ, ಈ ಸಲ ಹುಲಿ ಬತ್ತದಾ ವಸಿಷ್ಠಪ್ಪ, ಸಿಂಹ ಹೋದ್ವರ್ಷವೇ ಆಗೋಯ್ತಲ್ಲ ಅಂದಳು, ಶಕುಂತಲಮ್ಮ, ಹೋಗೇ ನೀನು, ಕತೆ ಇಲ್ಲ ಈ ಸಲ, ಅಂದರು. ಐದು ವರ್ಷ ನಿನ್ನ ಬಾಯಲ್ಲಿ ಕೇಳಿದ್ದಾಯ್ತು ಕಂದ, ನೀನು ಸುಳ್ಳು ಯೋಳ್ತೀಯ ಅಂತಲ್ಲ, ನೀನು ಒಂದಕ್ಕೆ ನೂರು ಕಟ್ಟೋನು, ನನ್ನ ಮಗನದ್ದು ಎಷ್ಟು, ನಿಂದೆಷ್ಟು ಅಂತ ನಂಗೆ ತಿಳೀಬೇಕು, ಅವನು ಹಾಕ್ಕೊಂಡಿದ್ನಲ್ಲ ಕಿವಿಗೆ, ಅಂಥದ್ದು ತಗೊಂಡ್ ಬಾ ಅಂತ ಫೋನಲ್ಲಿ ಯೋಳಿದ್ದೆ, ತಂದ್ಯಾ. ತಂದಿದ್ದೀನಮ್ಮ, ಎರಡೂ ಒಟ್ಟಿಗೇ ಕೊಂಡದ್ದು ನಾವು, ಒಂದೇ ಥರದ್ದು, ಅವನು ಹೋದಮೇಲೆ ನಾನು — ಮಾತು ಅಲ್ಲಿಗೆ ನಿಂತಿತು, ಹಿಂದಿನ ಗೋಡೆಯ ಆಚೆ ರೈಲು ಬಂತು, ಲೋಟಗಳು ಅದುರಿದವು, ಶಕುಂತಲಮ್ಮ ಏನೋ ಹೇಳಲು ಬಾಯಿ ತೆರೆದವರು ತೆರೆದ ಬಾಯಿಯಲ್ಲೇ ಕಾದರು, ಬಾಗಿಲಲ್ಲಿ ಅಂಜಮ್ಮ ಕಾದಳು, ಇಲ್ಲಿಯ ರೂಢಿಯೇ ಅದು, ಈ ಸಾಲಿನ ಮನೆಗಳಲ್ಲಿ ಜಗಳವೂ ಹಾಗೆ, ಮದುವೆ ಮಾತುಕತೆಯೂ ಹಾಗೆ, ಬೈಗುಳದ ಅರ್ಧ ಈ ಕಡೆ, ಅರ್ಧ ಕೊನೆಯ ಬೋಗಿ ಹೋದಮೇಲೆ, ಅಮರನೂ ತಾಲೀಮಿನಲ್ಲಿ ಹಾಗೇ, ಎಲ್ಲಾದರೂ ದೂರದಲ್ಲಿ ರೈಲು ಕೂಗಿದರೆ ಮಾತು ನಡುವೆಯೇ ತುಂಡಾಗುತ್ತಿತ್ತು, ಬಸವನಗುಡಿಯವರು ನಗುತ್ತಿದ್ದರು, ಮೂರು ಮೈಲಿ ಆಚೆಯ ಗಾಡಿಗೂ ಮರ್ಯಾದೆ ಕೊಡ್ತೀಯಲ್ಲೋ. ರೈಲು ಹೋಯಿತು. ಶಕುಂತಲಮ್ಮ ಬಿಟ್ಟಲ್ಲಿಂದಲೇ ಹಿಡಿದರು, ಕೊನೇದೊಂದು ಹಾಕು ಸಾಕು, ಮಿಕ್ಕಿದ್ದು ನನ್ನ ತಲೆ ತಡೆಯಾಕಿಲ್ಲ. ಕೊನೇದು. ಫೋನಿನಲ್ಲಿ ಎಂಟು ಹೆಸರು, ಅವನ ಹೆಬ್ಬೆರಳು ‘ಹೊಸ್ತಿಲು’ ಮೇಲೆ ನಿಂತಿತು, ಅದನ್ನು ಒತ್ತಿದರೆ ಐದು ವರ್ಷದ ಆಣೆ ಉಳಿಯುತ್ತದೆ, ಅಬ್ಬರ ಕೇಳಿ ಅವರು ತಲೆಯಾಡಿಸುತ್ತಾರೆ, ಹೌದಪ್ಪ ಇದರಲ್ಲಿ ರೈಲೆಲ್ಲಿ ಕೇಳಿಸಬೇಕು ಅನ್ನುತ್ತಾರೆ, ಊಟ ಹಾಕುತ್ತಾರೆ. ಒತ್ತಿಬಿಡು, ವಸಿಷ್ಠ, ನಿನ್ನ ಜನ್ಮದಲ್ಲಿ ನೀನು ಕಟ್ಟಿದ ಎಲ್ಲ ಸುಳ್ಳಿನಲ್ಲಿ ಇದೊಂದು ಸಣ್ಣದು. ಆದರೆ ಅವರ ದನಿ ಇರುವುದು ಅದರಲ್ಲಲ್ಲ. ಅವರನ್ನೇ ಕರೆಸಿ ಕೊನೆಗೆ ಕೂರಿಸಿದ್ದಾನೆ ಮಗ, ಕರೆದದ್ದಕ್ಕೆ ಉತ್ತರ ಕೊಟ್ಟಿದ್ದಾನೆ, ಅದನ್ನು ಅವರಿಂದ ಬಚ್ಚಿಟ್ಟು ಊಟ ಮಾಡುವುದು ಹೇಗೆ. ಕೊಡಲೂ ಆಗದು, ಆ ದನಿಗೆ ಮೊದಲು ಆ ಖಾಲಿ ಇದೆ, ಖಾಲಿಯಲ್ಲಿ ಕೂತ ಕೂಡಲೇ ಈ ಹೆಂಗಸಿಗೆ ತಿಳಿದುಹೋಗುತ್ತದೆ, ರೈಲಿನ ಪಕ್ಕದಲ್ಲೇ ಬಾಳಿದವರಿಗೆ ಹೇಳಿಕೊಡಬೇಕೆ. ಏನ್ಲಾ ಯೋಚ್ನೆ, ಅಂದರು. ಏನಿಲ್ಲಮ್ಮ. ‘ಕಂಬಿ’ ಒತ್ತಿದ.

ದೊಡ್ಡ ಕಪ್ಪು ಹೆಡ್‌ಫೋನನ್ನು ಅವರ ನೆರೆತ ಕೂದಲ ಮೇಲೆ ಅವನೇ ಇಟ್ಟ, ಕಿವಿಯ ಓಲೆ ಚುಚ್ಚದ ಹಾಗೆ ಸರಿಮಾಡಿದ, ಐದು ವರ್ಷ ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟದ್ದು, ನಿನ್ನೆ ರಾತ್ರಿ ತೆಗೆದು ಚಾರ್ಜು ಮಾಡಿದ್ದು, ಬದಿಯ ಗುಂಡಿ ಒತ್ತಿದಾಗ ಸಣ್ಣ ಹಸಿರು ದೀಪ ಹತ್ತಿತು, ಶಕುಂತಲಮ್ಮ ಬೆಚ್ಚಿ ಎದೆ ಹಿಡಿದುಕೊಂಡರು, ಅಯ್ಯಪ್ಪ ಏನಪ್ಪ ಇದು ಅಂತ ಜೋರಾಗಿ, ತೀರ ಜೋರಾಗಿ ಹೇಳಿದರು, ಆಮೇಲೆ ಕಣ್ಣು ಮುಚ್ಚಿದರು, ಮಂಡಿಯ ಮೇಲಿನ ಬೆರಳು ಒಂದು ಹಲಗೆ ಬಿಟ್ಟು ಒಂದು ಹಲಗೆ ನಡೆಯತೊಡಗಿತು, ಯಾರೂ ಹೇಳಿಕೊಡದೆ, ವಸಿಷ್ಠ ಜೀವಮಾನದಲ್ಲಿ ಮೊದಲ ಸಲ ಏನೂ ಹೇಳದೆ ಒಬ್ಬರು ಒಂದು ಹಾಡು ಕೇಳುವುದನ್ನು ನೋಡುತ್ತ ಕೂತ, ಅಂಜಮ್ಮ ಹೊಸ್ತಿಲಿಲ್ಲದ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಳು. ಬೆರಳು ನಿಂತಿತು. ಖಾಲಿ ಶುರುವಾಯಿತು ಅಂತ ಗೊತ್ತಾಯಿತು. ಶಕುಂತಲಮ್ಮ ಕಣ್ಣು ಬಿಟ್ಟರು, ಮುಗೀತೇನಪ್ಪ, ಅಂದರು, ಅವನು ಅಂಗೈ ಎತ್ತಿ ಇರಿ ಅಂತ ಸನ್ನೆ ಮಾಡಿದ, ತೆಗೀಬೇಡಿ, ಇದೆ, ಇನ್ನೂ ಇದೆ, ಅವರಿಗೆ ಕೇಳಿಸಲಿಲ್ಲ, ಆದರೂ ಕೈಗೆ ಒಪ್ಪಿ ಹಾಗೇ ಕೂತರು, ಏನೂ ಇಲ್ವಲ್ಲೋ ಮಗಾ, ಗಿಣಿ ಹಾರೋಗಿರೋ ಗೂಡಂಗದೆ, ಸಾರಿಗೆ ಉಪ್ಪು ಹಾಕಿದ್ನಾ ಇಲ್ವಾ, ಅಂಜಮ್ಮನ್ನ ಕೇಳು — ಗೋಡೆ ಅದುರಿತು. ಲೋಟಗಳು ಅದುರಿದವು. ಮೈಸೂರು ಕಡೆಯ ಗಾಡಿ, ನಿಲ್ದಾಣ ಬಿಟ್ಟು ಬರುವಾಗ ಮನೆಯ ಬೆನ್ನಿಗೇ ಉಜ್ಜಿಕೊಂಡು ಹೋಗುವಂಥದ್ದು, ಸದ್ದು ಮನೆಯನ್ನು ತುಂಬಿ ಬಾಗಿಲಿಂದ ಹೊರಗೆ ಚೆಲ್ಲಿತು, ವಸಿಷ್ಠನ ಬಾಯಲ್ಲಿದ್ದ ಮಾತು ತಾನಾಗೇ ನಿಂತಿತು, ಅಂಜಮ್ಮ ಎತ್ತಿದ ಕೈ ಎತ್ತಿದಲ್ಲೇ ನಿಂತಿತು, ಶಕುಂತಲಮ್ಮ ಮಾತಾಡುತ್ತಿದ್ದಾರೆ. ನಿಲ್ಲಿಸಲಿಲ್ಲ. ದಿನವೂ ನಡುಗುವ ನೆಲಕ್ಕೆ ಆ ಕಾಲು ಯಾವತ್ತೋ ಒಗ್ಗಿಹೋಗಿದೆ, ಮಾತು ನಿಲ್ಲಿಸುತ್ತಿದ್ದದ್ದು ಕಿವಿ, ಆ ಕಿವಿಯಲ್ಲಿ ಈಗ ಹಾಡಿಲ್ಲ, ಏನೂ ಇಲ್ಲ, ಬರೀ ಖಾಲಿ, ಆದರೂ ಕೇಳಿಸುತ್ತಿಲ್ಲ, ಇಷ್ಟು ದೊಡ್ಡ ರೈಲು ಇಷ್ಟು ಹತ್ತಿರದಲ್ಲಿ, ಕೇಳಿಸುತ್ತಿಲ್ಲ ಅವರಿಗೆ, ಹೊರಗಿನ ಸದ್ದನ್ನೆಲ್ಲ ನುಂಗಿಬಿಟ್ಟಿದೆ ಆ ಹಸಿರು ದೀಪದ ಹೆಡ್‌ಫೋನು, ನಿನಗೂ ಕೇಳಿಸಿರಲಿಲ್ಲ ಅಮರಾ, ಅಂಜಮ್ಮ ಎದ್ದುನಿಂತಳು, ಬಾಯಿಗೆ ಸೆರಗು ಹಿಡಿದಳು, ಅವಳಿಗೂ ತಿಳಿಯಿತು, ಶಕುಂತಲಮ್ಮ ಇವರಿಬ್ಬರ ಮುಖ ನೋಡುತ್ತಾರೆ, ಯಾಕೆ ಹಿಂಗ್ ನೋಡ್ತೀರ ಅನ್ನುತ್ತಿರಬೇಕು, ಉಪ್ಪು ಅನ್ನುತ್ತಿರಬೇಕು, ಅನ್ನ ಅನ್ನುತ್ತಿರಬೇಕು, ಮಾತು ಕಾಣುತ್ತಿದೆ, ರೈಲಿನಲ್ಲಿ ಮುಳುಗಿ ಕೇಳುತ್ತಿಲ್ಲ, ತುಟಿ ಮಾತ್ರ ಆಡುತ್ತಿದೆ, ಬೋಗಿಯ ಹಿಂದೆ ಬೋಗಿ, ತುಟಿ ಆಡುತ್ತಿದೆ, ಬೋಗಿ, ಇನ್ನೂ ಬೋಗಿ, ಕಪ್ಪು ಹೆಡ್‌ಫೋನಿನ ಕೆಳಗೆ ಆ ತುಟಿ, ಆಡುತ್ತಿದೆ, ಆಡುತ್ತಲೇ ಇದೆ